ಮೆಸೇಜಿನಲ್ಲಿ ಮದುವೆ ಕರೆ: ನಂಟರು ಮುನಿಯದಂತೆ ಬರೆಯಲು 14 ಸೂತ್ರಗಳು

ಮದುವೆಗೆ ಕರೆಯುವುದೆಂದರೆ ನಮ್ಮಲ್ಲಿ ಮೊದಲು ಕಾಲು ಸವೆಸುವ ಕೆಲಸ. ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿಕೊಂಡು ಮನೆಮನೆಗೆ ಹೋಗಬೇಕು, ಕುಂಕುಮ ಕೊಡಬೇಕು, ಬೇಡವೆಂದರೂ ಕಾಫಿ ಕುಡಿಯಬೇಕು, ಹೊರಡುವಾಗ ಹೊಸ್ತಿಲಲ್ಲಿ ನಿಂತು ‘ಹಿಂದಿನ ದಿನವೇ ಬಂದುಬಿಡಿ’ ಎಂದು ಇನ್ನೊಮ್ಮೆ ಹೇಳಬೇಕು. ಈಗ ಅರ್ಧ ಬಳಗ ಬೆಂಗಳೂರಿನ ನಾಲ್ಕು ದಿಕ್ಕಿನಲ್ಲಿ ಚೆದುರಿದೆ, ಇನ್ನರ್ಧ ಪುಣೆ, ದುಬೈ, ನ್ಯೂಜೆರ್ಸಿ ಸೇರಿದೆ. 2020ರ ಕೊರೊನಾ ಕಾಲದಲ್ಲಿ ಮದುವೆಗೆ 50 ಜನರ ಮಿತಿ ಬಿದ್ದಾಗಲಂತೂ ಮೆಸೇಜಿನಲ್ಲೇ ತಿಳಿಸಿ, ಮೆಸೇಜಿನಲ್ಲೇ ಹರಸಿಕೊಳ್ಳುವುದು ರೂಢಿಯಾಯಿತು.

‘ಬರೀ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ರು, ಕರೆದ ಹಾಗೇ ಅನ್ನಿಸ್ಲಿಲ್ಲ’ ಎಂಬ ದೂರು ಮಾತ್ರ ಹಾಗೆಯೇ ಉಳಿದಿದೆ. ತಪ್ಪು ಫೋನಿನದಲ್ಲ. ಪತ್ರಿಕೆಯ ಒಕ್ಕಣೆಯನ್ನೇ ಎತ್ತಿ ಮೆಸೇಜಿಗೆ ಸುರಿಯುತ್ತೇವಲ್ಲ, ಅಲ್ಲಿಂದ ಶುರುವಾಗುತ್ತದೆ ತಕರಾರು. ಪತ್ರಿಕೆ ಊರಿಗೆಲ್ಲ ಒಂದೇ. ಮೆಸೇಜನ್ನು ಓದುವವರು ಒಬ್ಬರು, ಅದೂ ತಮ್ಮ ಅಂಗೈಯಲ್ಲಿ. ಅವರೊಬ್ಬರಿಗೇ ಹೇಳಿದ ಹಾಗೆ ಬರೆದರೆ ಅದು ಕರೆ, ಇಲ್ಲವಾದರೆ ಪ್ರಕಟಣೆ. ಹಾಗೆ ಬರೆಯಲು ಕೆಲವು ಸೂತ್ರಗಳು ಇಲ್ಲಿವೆ.

1. ಬರೆಯುವ ಮೊದಲು ಪಟ್ಟಿ ಮಾಡಿ

ಬಳಗವನ್ನು ಮೂರು ಸಾಲಿನಲ್ಲಿ ಬರೆದುಕೊಳ್ಳಿ. ಮನೆಗೇ ಹೋಗಿ ಕರೆಯಬೇಕಾದವರು ಮೊದಲ ಸಾಲು: ಸೋದರಮಾವ, ಹಿರಿಯತ್ತೆ, ಈಗಾಗಲೇ ಮದುವೆಯಾದ ಮಕ್ಕಳ ಬೀಗರು, ಪಕ್ಕದ ಮನೆಯವರು. ಫೋನ್ ಮಾಡಿ ಆಮೇಲೆ ಮೆಸೇಜು ಕಳಿಸಬೇಕಾದವರು ಎರಡನೆಯ ಸಾಲು: ದೂರದ ಊರಿನ ನಂಟರು, ಹಳೆಯ ಮೇಷ್ಟ್ರು, ಅಪ್ಪನ ಕಾಲದ ಸ್ನೇಹಿತರು. ಮೆಸೇಜೊಂದೇ ಸಾಕಾಗುವವರು ಮೂರನೆಯ ಸಾಲು: ಆಫೀಸಿನವರು, ಕಾಲೇಜಿನ ಗೆಳೆಯರು, ಅಪಾರ್ಟ್‌ಮೆಂಟಿನ ಪರಿಚಯದವರು.

ಮೊದಲ ಸಾಲಿನವರಿಗೆ ಮೆಸೇಜು ಕಳಿಸಬಾರದೆಂದಲ್ಲ. ಅವರಿಗೆ ಅದು ನೆನಪಿಗೆ ಮಾತ್ರ, ಕರೆ ಬಾಯಲ್ಲೇ ಆಗಿರಬೇಕು. ಆಗ ಬರೆಯುವ ಸಾಲೂ ಬದಲಾಗುತ್ತದೆ: ‘ಮಾವ, ಮೊನ್ನೆ ಮನೆಗೆ ಬಂದು ಹೇಳಿದ್ದೆನಲ್ಲ, ವಿಳಾಸ ಕೈಯಲ್ಲಿರಲಿ ಅಂತ ಇಲ್ಲಿ ಹಾಕಿದ್ದೀನಿ.’ ಹೋಗಿ ಕರೆದದ್ದನ್ನು ಈ ಒಂದು ಸಾಲು ಇನ್ನೊಮ್ಮೆ ನೆನಪಿಸುತ್ತದೆ, ಗೌರವವೂ ಉಳಿಯುತ್ತದೆ.

2. ಹೆಸರು ಹಿಡಿದು, ನಂಟಿನಿಂದ ಕರೆಯಿರಿ

‘ಆತ್ಮೀಯರೇ’ ಎಂದು ಶುರುವಾದ ಮೆಸೇಜು ಎಲ್ಲರಿಗೂ ಹೋಗಿದೆ ಎಂದು ಓದುವವರಿಗೆ ಮೊದಲ ಪದದಲ್ಲೇ ಗೊತ್ತಾಗುತ್ತದೆ. ‘ನಾಗರತ್ನತ್ತೆ, ನಮಸ್ಕಾರ’ ಎಂದು ಬರೆಯಿರಿ, ಮುಂದಿನ ನಾಲ್ಕು ಸಾಲು ಎಲ್ಲರಿಗೂ ಒಂದೇ ಇದ್ದರೂ ಅತ್ತೆಗೆ ಬೇಸರವಿಲ್ಲ. ಧಾರವಾಡದ ಕಡೆಯ ಕಾಕಾನನ್ನು ಮೆಸೇಜಿನಲ್ಲಿ ‘ಚಿಕ್ಕಪ್ಪನವರೇ’ ಎಂದು ಕರೆಯಬೇಡಿ. ಎದುರಿಗೆ ಏನೆಂದು ಕರೆಯುತ್ತೀರೋ ಅದನ್ನೇ ಬರೆಯಿರಿ: ಕಾಕಾ, ಮಾಮಾ, ದೊಡ್ಡಮ್ಮ, ಅಕ್ಕೋರು, ಮೇಷ್ಟ್ರೇ, ಸಾರ್.

ಗಂಡ ಹೆಂಡತಿ ಇಬ್ಬರ ನಂಬರೂ ನಿಮ್ಮ ಬಳಿ ಇದ್ದರೆ ಇಬ್ಬರಿಗೂ ಬೇರೆ ಬೇರೆ ಕಳಿಸಿ. ‘ಅವರಿಗೆ ಬಂದಿತ್ತಂತೆ, ನನಗೇನೂ ಹೇಳಲಿಲ್ಲ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಕಳಿಸದೇ ಉಳಿದ ಒಂದು ಮೆಸೇಜು.

3. ಯಾರು ಕರೆಯುತ್ತಿದ್ದಾರೆಂದು ಗೊತ್ತಾಗಲಿ

ಪತ್ರಿಕೆಯಲ್ಲಿ ಕರೆಯುವವರು ತಂದೆ ತಾಯಿ, ಮೆಸೇಜು ಹೋಗುವುದು ಮದುಮಗನ ಫೋನಿನಿಂದ. ಹಾಗಿರುವಾಗ ‘ನಮ್ಮ ಜ್ಯೇಷ್ಠ ಪುತ್ರನ ವಿವಾಹ ಮಹೋತ್ಸವಕ್ಕೆ’ ಎಂದು ಮದುಮಗನೇ ಬರೆದರೆ ಗೆಳೆಯರು ನಗುತ್ತಾರೆ. ಗೆಳೆಯರಿಗೆ ‘ಮದುವೆ ಫಿಕ್ಸ್ ಆಯ್ತು ಕಣೋ, ನೀನಿಲ್ದೆ ಆಗಲ್ಲ’ ಎಂಬುದೇ ಸರಿ. ಅಪ್ಪನ ಸಹೋದ್ಯೋಗಿಗಳಿಗೆ ಅಪ್ಪನ ಫೋನಿನಿಂದ, ಅಪ್ಪನ ಮಾತಿನಲ್ಲೇ ಹೋಗಲಿ. ಅಪ್ಪನಿಗೆ ಟೈಪ್ ಮಾಡಲು ಬಾರದಿದ್ದರೆ ಅವರು ಹೇಳಿದಂತೆ ನೀವು ಬರೆದುಕೊಡಿ, ಭಾಷೆ ತಿದ್ದಲು ಹೋಗಬೇಡಿ.

ಕೊನೆಯಲ್ಲಿ ಹೆಸರಿನ ಜೊತೆ ಗುರುತೂ ಇರಲಿ. ಹತ್ತು ವರ್ಷದ ಹಿಂದೆ ಊರು ಬಿಟ್ಟವರ ಫೋನಿನಲ್ಲಿ ನಿಮ್ಮ ಈಗಿನ ನಂಬರು ಇರಲಾರದು. ‘ಶಾರದಾ, ತೀರ್ಥಹಳ್ಳಿ ಪೋಸ್ಟಾಫೀಸ್ ಬೀದಿ ಮನೆಯವಳು’ ಎಂದರೆ ಫೋಟೊ ನೋಡಿ ಊಹಿಸುವ ಕಷ್ಟ ತಪ್ಪುತ್ತದೆ.

4. ವಿಷಯ ಮೊದಲ ಎರಡು ಸಾಲಿನಲ್ಲೇ ಇರಲಿ

ಮೆಸೇಜು ಬಂದಾಗ ಫೋನಿನ ಪರದೆಯ ಮೇಲೆ ಮಿಂಚಿ ಹೋಗುವುದು ಮೊದಲ ಒಂದೆರಡು ಸಾಲು. ತೀರಾ ಉದ್ದವಾದದ್ದನ್ನು ವಾಟ್ಸ್‌ಆ್ಯಪ್ ಮಡಚಿಡುತ್ತದೆ, ಪೂರ್ತಿ ಓದಲು ಇನ್ನೊಮ್ಮೆ ಒತ್ತಬೇಕು. ಆ ಅಮೂಲ್ಯ ಜಾಗವನ್ನು ಗಣಪತಿ ಸ್ತುತಿ, ಕುಲದೇವರ ಪ್ರಸನ್ನ, ‘ಸ್ವಸ್ತಿ ಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ’ ಇವುಗಳಿಗೇ ಕೊಟ್ಟರೆ ಮದುವೆ ಯಾರದು ಎಂಬುದು ಮಡಿಕೆಯೊಳಗೆ ಹೋಗುತ್ತದೆ. ಅವೆಲ್ಲ ಪತ್ರಿಕೆಯಲ್ಲಿ ಇರಲೇಬೇಕು, ಇರಲಿ. ಮೆಸೇಜಿಗೆ ತಲೆಯ ಮೇಲೊಂದು ‘ಶ್ರೀ’ ಸಾಕು.

ಹೀಗೆ ಬರೆದು ನೋಡಿ (ಹೆಸರು, ದಿನ ಉದಾಹರಣೆಗೆ ಮಾತ್ರ):

‘ನಾಗರತ್ನತ್ತೆ, ನಮಸ್ಕಾರ. ನಮ್ಮ ಸುಮಾ ಮದುವೆ ಮೇ 10, ಭಾನುವಾರ, ಮೈಸೂರಿನಲ್ಲಿ. ಬೆಳಿಗ್ಗೆ 10.40ಕ್ಕೆ ಮುಹೂರ್ತ. ಹುಡುಗ ರವಿ, ಹಾಸನದ ಕಡೆಯವರು. ನೀವೂ ಮಾವನೂ ಶನಿವಾರ ಮಧ್ಯಾಹ್ನವೇ ಬಂದುಬಿಡಬೇಕು, ಆರತಕ್ಷತೆ ಅವತ್ತು ಸಂಜೆಯೇ. ಪತ್ರಿಕೆ, ಛತ್ರದ ದಾರಿ ಕೆಳಗಿದೆ. – ಶಾರದಾ’

ಯಾರ ಮದುವೆ, ಯಾವತ್ತು, ಎಲ್ಲಿ ಎಂಬ ಮೂರೂ ಆರಂಭದಲ್ಲೇ ಬಂದವು. ಹುಡುಗನ ಊರು ಬಂದದ್ದರಿಂದ ಅತ್ತೆ ಕೇಳುವ ಮೊದಲ ಪ್ರಶ್ನೆಗೂ ಉತ್ತರ ಸಿಕ್ಕಿತು.

5. ದಿನದ ಜೊತೆ ವಾರ, ಹೊತ್ತಿನ ಜೊತೆ ಊಟ

ತಾರೀಖಿನ ಪಕ್ಕದಲ್ಲಿ ವಾರ ಬರೆದರೆ ಎರಡು ಲಾಭ. ಒಂದು ತಪ್ಪಾಗಿದ್ದರೆ ಇನ್ನೊಂದು ಹಿಡಿದುಕೊಡುತ್ತದೆ. ಓದುವವರಿಗೆ ರಜೆ ಬೇಕೋ ಬೇಡವೋ ಅಲ್ಲೇ ಗೊತ್ತಾಗುತ್ತದೆ. ಬರೀ ‘10.40’ ಎನ್ನಬೇಡಿ, ಬೆಳಿಗ್ಗೆಯೋ ರಾತ್ರಿಯೋ ಸೇರಿಸಿ. ನಡುರಾತ್ರಿ ದಾಟಿದ ಮುಹೂರ್ತವಾದರೆ ‘ಶನಿವಾರ ರಾತ್ರಿ ಕಳೆದು, ಭಾನುವಾರ ಬೆಳಗಿನ ಜಾವ 4.30’ ಎಂದು ಬಿಡಿಸಿ ಬರೆಯಿರಿ. ಇಲ್ಲವಾದರೆ ಒಂದಷ್ಟು ಜನ ಒಂದು ದಿನ ತಡವಾಗಿ ಬರುವುದು ಖಚಿತ.

ಹಳೆ ಮೈಸೂರಿನ ಕಡೆ ಆರತಕ್ಷತೆ ಹಿಂದಿನ ಸಂಜೆ, ಮುಹೂರ್ತ ಮರುದಿನ ಬೆಳಿಗ್ಗೆ. ಪತ್ರಿಕೆಯಲ್ಲಿ ಮುಹೂರ್ತ ಮೊದಲು ಅಚ್ಚಾಗಿರುತ್ತದೆ, ಆರತಕ್ಷತೆ ಕೆಳಗೆ. ಮೆಸೇಜಿನಲ್ಲಿ ಯಾವುದು ಮೊದಲು ನಡೆಯುತ್ತದೋ ಅದನ್ನೇ ಮೊದಲು ಬರೆಯಿರಿ, ಒಂದೊಂದಕ್ಕೆ ಒಂದೊಂದು ಸಾಲು:

‘ಆರತಕ್ಷತೆ: ಮೇ 9, ಶನಿವಾರ ಸಂಜೆ 6.30ರಿಂದ
ಮುಹೂರ್ತ: ಮೇ 10, ಭಾನುವಾರ ಬೆಳಿಗ್ಗೆ 10.40ರಿಂದ 11.30
ಊಟ: ಮಧ್ಯಾಹ್ನ 12ರಿಂದ’

ಊಟದ ಹೊತ್ತು ಬರೆಯಲು ಸಂಕೋಚ ಬೇಡ. ಮುಹೂರ್ತಕ್ಕೆ ಬರಲಾಗದವರು ಊಟದ ಹೊತ್ತಿಗಾದರೂ ಬಂದು ಅಕ್ಷತೆ ಹಾಕಿ ಹೋಗುತ್ತಾರೆ. ಬೀಗರ ಊಟ ಬೇರೆ ದಿನ ಇದ್ದರೆ, ಅದಕ್ಕೆ ಯಾರನ್ನು ಕರೆಯುತ್ತೀರೋ ಅವರ ಮೆಸೇಜಿನಲ್ಲಿ ಮಾತ್ರ ಆ ಸಾಲು ಇರಲಿ.

ಲಗ್ನ, ನಕ್ಷತ್ರ, ಯೋಗ, ಕರಣ ಪತ್ರಿಕೆಗೆ ಬಿಡಿ. ದಿನ ಎದ್ದು ಕಾಣಬೇಕೆಂದರೆ ಆ ಸಾಲಿನ ಹಿಂದೆ ಮುಂದೆ ಒಂದೊಂದು ನಕ್ಷತ್ರ ಚಿಹ್ನೆ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಅದು ದಪ್ಪಕ್ಷರವಾಗುತ್ತದೆ. ಇಡೀ ಮೆಸೇಜನ್ನೇ ದಪ್ಪ ಮಾಡಿದರೆ ಯಾವುದೂ ಎದ್ದು ಕಾಣುವುದಿಲ್ಲ.

6. ಪರದೇಶದವರಿಗೆ ಅವರ ಗಡಿಯಾರ

ನೇರಪ್ರಸಾರದ ಲಿಂಕ್ ಕಳಿಸುವಾಗ ‘ಬೆಳಿಗ್ಗೆ 10.40’ ಎಂದಷ್ಟೇ ಬರೆದರೆ ಅಮೆರಿಕದವರು ತಮ್ಮ ಬೆಳಿಗ್ಗೆ ಎದ್ದು ನೋಡುತ್ತಾರೆ, ಅಷ್ಟು ಹೊತ್ತಿಗೆ ಇಲ್ಲಿ ಛತ್ರ ಖಾಲಿಯಾಗಿರುತ್ತದೆ. ಮೇ 10ರ ಭಾನುವಾರ ನಮ್ಮ ಬೆಳಿಗ್ಗೆ 10.40 ಎಂದರೆ ದುಬೈಯಲ್ಲಿ ಬೆಳಿಗ್ಗೆ 9.10, ಲಂಡನ್‌ನಲ್ಲಿ 6.10, ನ್ಯೂಜೆರ್ಸಿಯಲ್ಲಿ ನಡುರಾತ್ರಿ ಕಳೆದು 1.10. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಶನಿವಾರ ರಾತ್ರಿ 10.10. ಬ್ರಿಟನ್ನಿನಲ್ಲಿ, ಅಮೆರಿಕದ ಬಹುಪಾಲು ಕಡೆ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಚಳಿಗಾಲದ ಮದುವೆಯಾದರೆ ಈ ಲೆಕ್ಕ ಬೇರೆ. ಆಯಾ ಊರಿನ ದಿನ, ಹೊತ್ತು ಎರಡನ್ನೂ ಬರೆದು ಕಳಿಸಿ. ಅಲ್ಲಿಂದ ಬರುವ ಸಾಧ್ಯತೆ ಇರುವವರಿಗಂತೂ ದಿನ ಗೊತ್ತಾದ ವಾರವೇ ತಿಳಿಸಿ. ರಜೆ, ಟಿಕೆಟ್ಟು ಎರಡೂ ಪತ್ರಿಕೆ ಅಚ್ಚಾಗುವವರೆಗೆ ಕಾಯುವುದಿಲ್ಲ.

7. ಲೊಕೇಶನ್ ಜೊತೆಗೆ ಬಾಯಿಮಾತಿನ ದಾರಿಯೂ ಬೇಕು

ಒಂದೇ ಊರಿನಲ್ಲಿ ಒಂದೇ ದೇವರ ಹೆಸರಿನ ಎರಡು ಮೂರು ಕಲ್ಯಾಣ ಮಂಟಪ ಇರುವುದು ನಮ್ಮಲ್ಲಿ ಹೊಸತಲ್ಲ. ಛತ್ರದ ಹೆಸರಿನ ಜೊತೆ ಬಡಾವಣೆ, ಹತ್ತಿರದ ಗುರುತು ಬರೆಯಿರಿ. ಮ್ಯಾಪಿನ ಲಿಂಕನ್ನು ಕಳಿಸುವ ಮೊದಲು ಇನ್ನೊಬ್ಬರ ಫೋನಿನಲ್ಲಿ ಒತ್ತಿ ನೋಡಿ. ಎಷ್ಟೋ ಸಲ ಪಿನ್ನು ಛತ್ರದ ಹಿಂದಿನ ಗೇಟಿಗೋ ಪಕ್ಕದ ರಸ್ತೆಗೋ ಬಿದ್ದಿರುತ್ತದೆ.

ಆಮೇಲೆ ಒಂದೇ ಒಂದು ಸಾಲು, ಬಸ್ಸಿನಲ್ಲಿ ಬರುವವರಿಗಾಗಿ: ‘ಸಬರ್ಬನ್ ಬಸ್‌ಸ್ಟ್ಯಾಂಡಿನಿಂದ ಆಟೊ ಸಿಗುತ್ತದೆ, ಛತ್ರದ ಹೆಸರು ಹೇಳಿದರೆ ಸಾಕು.’ ಬೆಂಗಳೂರಾದರೆ ಹತ್ತಿರದ ಮೆಟ್ರೊ ನಿಲ್ದಾಣ ಬರೆಯಿರಿ. ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಅದನ್ನೂ ಮುಂಚೆಯೇ ಹೇಳಿ. ದಾರಿ ಕೇಳಲು ಕೊಡುವ ನಂಬರು ಮದುಮಗಳ ಅಪ್ಪನದಾಗಿರಬಾರದು, ಅವತ್ತು ಅವರಿಗೆ ಫೋನು ಎತ್ತಲು ಪುರುಸೊತ್ತಿರುವುದಿಲ್ಲ. ಓಡಾಡಿಕೊಂಡಿರುವ ಅಣ್ಣನ ಮಗನ ನಂಬರು ಕೊಡಿ, ಅವನಿಗೂ ಮೊದಲೇ ತಿಳಿಸಿ.

8. ಕೀಪ್ಯಾಡ್ ಫೋನಿನವರಿಗೆ 70ರ ಲೆಕ್ಕ

ವಾಟ್ಸ್‌ಆ್ಯಪ್ ಇಲ್ಲದವರು ಇನ್ನೂ ಇದ್ದಾರೆ, ಅವರಲ್ಲಿ ಹಿರಿಯರೇ ಹೆಚ್ಚು. ಅವರಿಗೆ ಹೋಗುವುದು ಎಸ್ಸೆಮ್ಮೆಸ್. ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಸುವುದು 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ 16 ಬಿಟ್ ಬೇಕು, ಹಾಗಾಗಿ 70 ಮಾತ್ರ. ಅದಕ್ಕಿಂತ ಉದ್ದವಾದರೆ 67ರಂತೆ ತುಂಡಾಗಿ ಹೋಗುತ್ತದೆ, ತುಂಡಿಗೊಂದು ಮೆಸೇಜಿನ ಲೆಕ್ಕ ಬೀಳುತ್ತದೆ.

ಇಲ್ಲಿ ಅಕ್ಷರವೆಂದರೆ ನಾವು ಎಣಿಸುವ ಅಕ್ಷರವಲ್ಲ. ಗುಣಿತ, ಒತ್ತು, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಶ್ರೀ’ ನಮಗೆ ಒಂದು, ಫೋನಿಗೆ ನಾಲ್ಕು. ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂದು ಬರೆದರೆ 70ರಲ್ಲಿ 24 ಅಲ್ಲೇ ಮುಗಿಯಿತು, ಇನ್ನೂ ಮದುವೆ ಯಾರದೆಂದು ಹೇಳಿಲ್ಲ. ಇದನ್ನು ನೋಡಿ:

‘ಮಗಳು ಸುಮಾ ಮದುವೆ ಮೇ 10 ಭಾನುವಾರ ಬೆ.10.40, ಮೈಸೂರು. ತಪ್ಪದೇ ಬನ್ನಿ. -ಶಾರದಾ’

ಖಾಲಿ ಜಾಗ, ಚುಕ್ಕೆ ಸೇರಿ 68. ಛತ್ರದ ವಿಳಾಸ ಎರಡನೆಯ ಮೆಸೇಜಿನಲ್ಲಿ ಹೋಗಲಿ. ಇದನ್ನೇ ಇಂಗ್ಲಿಷಿನಲ್ಲಿ ಬರೆಯುತ್ತೀರಾದರೆ ನಡುವೆ ಒಂದೂ ಕನ್ನಡ ಅಕ್ಷರ, ಇಮೋಜಿ ಬರದಂತೆ ನೋಡಿಕೊಳ್ಳಿ; ಒಂದು ಬಂದರೂ ಇಡೀ ಮೆಸೇಜು 70ರ ಲೆಕ್ಕಕ್ಕೆ ಇಳಿಯುತ್ತದೆ. ಕೆಲವು ಹಳೆಯ ಸೆಟ್ಟುಗಳಲ್ಲಿ ಕನ್ನಡದ ಬದಲು ಬರೀ ಚೌಕಗಳು ಕಾಣುತ್ತವೆ. ಅಂಥವರಿಗೆ ಮೆಸೇಜು ಹಾಕುವ ಬದಲು ಫೋನು ಮಾಡುವುದೇ ಲೇಸು.

9. ನಿಮ್ಮ ಸೀಮೆಯ ಮಾತಿನಲ್ಲೇ ಬರೆಯಿರಿ

ಪತ್ರಿಕೆಯ ಭಾಷೆ ರಾಜ್ಯಕ್ಕೆಲ್ಲ ಹೆಚ್ಚುಕಡಿಮೆ ಒಂದೇ. ಬಾಯಲ್ಲಿ ಕರೆಯುವ ರೀತಿ ಸೀಮೆಗೊಂದು. ಹುಬ್ಬಳ್ಳಿಯವರು ‘ಮಗಳ ಲಗ್ನ ಐತ್ರೀ, ಎಲ್ಲಾರೂ ಕೂಡಿ ಬರ್ರಿ’ ಎನ್ನುತ್ತಾರೆ. ಮಂಡ್ಯದವರು ‘ಮದ್ವೆ ಇಟ್ಕೊಂಡಿದ್ದೀವಿ, ಬರ್ದಿದ್ರೆ ನೋಡಿ ಮತ್ತೆ’ ಎನ್ನುತ್ತಾರೆ. ಉಡುಪಿಯವರದು ‘ಮದುವೆ ಉಂಟು, ಎಲ್ಲರೂ ಬರಬೇಕು ಆಯ್ತಾ’. ಕಿವಿಗೆ ಪರಿಚಿತವಾದ ಈ ಸಾಲು ಮೆಸೇಜಿನಲ್ಲಿ ಒಂದೇ ಒಂದಿದ್ದರೂ ಬರೆದದ್ದು ನೀವೇ ಎಂದು ನಂಬಿಕೆ ಬರುತ್ತದೆ. ಉಳಿದ ವಿವರ ಬರಹದ ಕನ್ನಡದಲ್ಲಿರಲಿ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ಗೆಳೆಯರ ನಡುವೆ ನಡೆಯುತ್ತದೆ. ಅರವತ್ತು ದಾಟಿದವರಿಗೆ ಅದು ಒಗಟು. ಕನ್ನಡ ಟೈಪ್ ಮಾಡುವುದು ಕಷ್ಟವೆಂದರೆ ಫೋನಿನ ಮೈಕ್ ಒತ್ತಿ ಹೇಳಿ, ಅದೇ ಬರೆದುಕೊಳ್ಳುತ್ತದೆ. ಹೆಸರುಗಳನ್ನು ಮಾತ್ರ ಕಣ್ಣಿಟ್ಟು ತಿದ್ದಿ. ಇನ್ನೊಂದು ಎಚ್ಚರಿಕೆ: ಪ್ರೆಸ್ಸಿನವರು ಪತ್ರಿಕೆಯನ್ನು ಹಳೆಯ ನುಡಿ, ಶ್ರೀಲಿಪಿ ಅಕ್ಷರಶೈಲಿಗಳಲ್ಲಿ ಜೋಡಿಸಿದ್ದರೆ, ಅದನ್ನು ನಕಲು ಮಾಡಿ ಮೆಸೇಜಿಗೆ ಹಾಕಿದಾಗ ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ಯೂನಿಕೋಡ್‌ಗೆ ಬದಲಾಯಿಸಿ ಕೊಡಲು ಅವರನ್ನೇ ಕೇಳಿ, ಇಲ್ಲವೇ ಬೇಕಾದ ಐದು ಸಾಲನ್ನು ಹೊಸದಾಗಿ ಬರೆದುಕೊಳ್ಳಿ.

10. ಬರುತ್ತೀರಾ ಎಂದು ಕೇಳಬೇಡಿ, ಬೇರೆ ಪ್ರಶ್ನೆ ಕೇಳಿ

ಅಡುಗೆಯವರು ಕೇಳುವುದು ಒಂದೇ: ಎಷ್ಟು ಎಲೆ? ಆ ಲೆಕ್ಕ ಬೇಕೆಂದು ‘ಬರುವುದನ್ನು ಖಚಿತಪಡಿಸಿ’ ಎಂದು ಬರೆದರೆ ನಮ್ಮವರಿಗೆ ಚುಚ್ಚುತ್ತದೆ; ಬಾರದಿದ್ದರೂ ಪರವಾಗಿಲ್ಲ ಎಂಬಂತೆ ಕೇಳಿಸುತ್ತದೆ. ಬರುವುದು ಗೊತ್ತೇ ಇದೆ ಎಂಬಂತೆ ಇಟ್ಟುಕೊಂಡು ಬೇರೆ ಏನಾದರೂ ಕೇಳಿ:

‘ಶನಿವಾರ ಎಷ್ಟು ಹೊತ್ತಿಗೆ ಬರ್ತೀರಿ? ರೂಮು ಹೇಳಿಡ್ತೀನಿ.’
‘ರೈಲಿಗೋ ಬಸ್ಸಿಗೋ? ಸ್ಟೇಷನ್ನಿಗೆ ಹುಡುಗರನ್ನ ಕಳಿಸ್ತೀನಿ.’
‘ಬೆಳಿಗ್ಗೆ ತಿಂಡಿಗೇ ಬರ್ತೀರಲ್ಲ, ಎಷ್ಟು ಜನ ಅಂತ ಹೇಳ್ಬಿಡಿ.’

ಉತ್ತರದಲ್ಲಿ ನಿಮಗೆ ಬೇಕಾದ ಲೆಕ್ಕ ಬಂದೇ ಬರುತ್ತದೆ. ಬರಲಾಗದವರಿಗೂ ಕಾರಣ ಹೇಳಲು ಬಾಗಿಲು ತೆರೆದಿರುತ್ತದೆ.

ಚಿಕ್ಕದಾಗಿ ಮಾಡುತ್ತಿರುವ ಮದುವೆಯಾದರೆ ಯಾರನ್ನು ಕರೆದಿದ್ದೀರೆಂದು ಸ್ಪಷ್ಟವಾಗಿರಲಿ. ‘ಮನೆಮಂದಿಯೆಲ್ಲ ಬನ್ನಿ’ ಎಂದು ಬರೆದು ಆಮೇಲೆ ಎಲೆ ಸಾಲದಾದರೆ ಬಂದವರ ತಪ್ಪಲ್ಲ. ‘ದೇವಸ್ಥಾನದಲ್ಲಿ ಚಿಕ್ಕದಾಗಿ ಮಾಡ್ತಿದ್ದೀವಿ, ನೀವಿಬ್ಬರೂ ಇರಲೇಬೇಕು’ ಎಂದರೆ ಲೆಕ್ಕವೂ ಸಿಕ್ಕಿತು, ಆದರವೂ ಇತ್ತು.

11. ಉಡುಗೊರೆ ಬಗ್ಗೆ ಒಂದೇ ಸಾಲು

ಉಡುಗೊರೆ ಬೇಡವೆಂದರೆ ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂದು ಬರೆದು ಮುಗಿಸಿ. ‘ಉಡುಗೊರೆಗಳನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ’ ಎಂದರೆ ಸರ್ಕಾರಿ ಕಚೇರಿಯ ಗೋಡೆಯ ಮೇಲಿನ ಬರಹ ಓದಿದಂತಾಗುತ್ತದೆ. ಮುಯ್ಯಿ ಬರೆದಿಟ್ಟುಕೊಳ್ಳುವ ಊರುಗಳಲ್ಲಿ ಈ ಸಾಲನ್ನು ಹಾಕುವ ಮೊದಲು ಹಿರಿಯರನ್ನು ಕೇಳಿ. ತಮ್ಮ ಮನೆಯ ಮದುವೆಯಲ್ಲಿ ನೀವು ಓದಿಸಿದ್ದನ್ನು ಹಿಂದಿರುಗಿಸಬೇಕೆಂದು ಕಾದಿರುವವರಿಗೆ ನಿಮ್ಮ ‘ಬೇಡ’ ಋಣ ಉಳಿಸಿದಂತೆ ಕಾಣಬಹುದು. ಹಣ ಕಳಿಸುವ ಕ್ಯೂಆರ್ ಕೋಡನ್ನು ಮಾತ್ರ ಕರೆಯೋಲೆಯ ಜೊತೆ ಎಂದೂ ಹಾಕಬೇಡಿ. ದೂರದವರು ತಾವಾಗಿ ಕೇಳಿದರೆ ಆಗ ನೋಡಿಕೊಳ್ಳಿ.

12. ಫಾರ್ವರ್ಡ್ ಮಾಡಬೇಡಿ, ಅಂಟಿಸಿ, ತಿದ್ದಿ, ಕಳಿಸಿ

ಫಾರ್ವರ್ಡ್ ಮಾಡಿದ ಮೆಸೇಜಿನ ತಲೆಯ ಮೇಲೆ ವಾಟ್ಸ್‌ಆ್ಯಪ್ ಬಾಣದ ಗುರುತು ಹಾಕುತ್ತದೆ. ಕೈಯಿಂದ ಕೈಗೆ ಬಹಳ ಸಲ ಹೋದದ್ದಾದರೆ ಜೋಡಿ ಬಾಣ. ಗುಡ್ ಮಾರ್ನಿಂಗ್ ಚಿತ್ರಕ್ಕೂ ನಿಮ್ಮ ಮಗಳ ಮದುವೆಗೂ ಆಗ ವ್ಯತ್ಯಾಸವೇ ಇಲ್ಲ. ನಕಲು ಮಾಡಿ ಅಂಟಿಸಿ, ಹೆಸರು ಬದಲಿಸಿ, ಆಮೇಲೆ ಕಳಿಸಿ. ದಿನಕ್ಕೆ ಇಪ್ಪತ್ತು ಮೂವತ್ತು ಜನರಿಗೆ ಕಳಿಸಿದರೆ ಸುಸ್ತಾಗುವುದಿಲ್ಲ, ಹೆಸರು ಅದಲುಬದಲಾಗುವ ಅಪಾಯವೂ ಕಡಿಮೆ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬಂದಂತೆ ಕಾಣುತ್ತದೆ. ಆದರೆ ನಿಮ್ಮ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನಂಬರು ಬದಲಿಸಿದವರು ಇದನ್ನು ನೆಚ್ಚಿದರೆ ಅರ್ಧ ಬಳಗಕ್ಕೆ ಸುದ್ದಿಯೇ ಹೋಗುವುದಿಲ್ಲ. ಸ್ಟೇಟಸ್ 24 ಗಂಟೆಗೆ ಮಾಯವಾಗುವಂಥದ್ದು, ಅದು ಸಂಭ್ರಮ ಹಂಚಿಕೊಳ್ಳಲು ಸರಿ. ‘ಸ್ಟೇಟಸ್ ಹಾಕಿದ್ದೆನಲ್ಲ’ ಎಂಬುದು ಕರೆದದ್ದಕ್ಕೆ ಸಾಕ್ಷಿಯಲ್ಲ. ಕುಟುಂಬದ ಗ್ರೂಪಿಗೆ ಹಾಕುವುದು ಎಲ್ಲರಿಗೂ ಬಿಡಿಬಿಡಿಯಾಗಿ ತಿಳಿಸಿ ಆದ ಮೇಲೆ. ಮನೆದೇವರ ಮುಂದೆ ಮೊದಲ ಪತ್ರಿಕೆ ಇಡುವ, ಸೋದರಮಾವನ ಕೈಗೆ ಪತ್ರಿಕೆ ಕೊಡುವ ಮೊದಲೇ ಗ್ರೂಪಿನಲ್ಲಿ ಅದು ಹಾರಾಡಿದರೆ ಮುನಿಸು ಮಂಟಪದವರೆಗೂ ಬರುತ್ತದೆ.

13. ಚಿತ್ರವಾಗಲಿ, ಪಿಡಿಎಫ್ ಆಗಲಿ. ಆ್ಯಪ್ ಅಂತೂ ಬೇಡ

ಪತ್ರಿಕೆಯ ಚಿತ್ರವನ್ನು ಬರೀ ಹಾಗೇ ಕಳಿಸಬೇಡಿ. ಡೌನ್‌ಲೋಡ್ ಆಗದಿದ್ದರೆ, ಕನ್ನಡಕ ಕೈಗೆ ಸಿಗದಿದ್ದರೆ, ಚಿತ್ರದಲ್ಲಿರುವುದು ಇಲ್ಲದ ಹಾಗೆಯೇ. ದಿನ, ಹೊತ್ತು, ಜಾಗ ಮೆಸೇಜಿನ ಬರಹದಲ್ಲೂ ಇರಬೇಕು. ಹುಡುಕಿದರೆ ಸಿಗುವುದು ಅದೇ. ವಿಡಿಯೊ ಪತ್ರಿಕೆ ಮಾಡಿಸಿದ್ದರೆ ಚಿಕ್ಕದಿರಲಿ, ಹೆಸರು ಮತ್ತು ದಿನ ಆರಂಭದಲ್ಲೇ ಬರಲಿ.

2024ರಿಂದ ಈಚೆಗೆ ಮದುವೆ ಪತ್ರಿಕೆಯ ಹೆಸರಿನಲ್ಲಿ ಎಪಿಕೆ ಕಡತ ಕಳಿಸುವ ಮೋಸ ದೇಶದಲ್ಲೆಲ್ಲ ಹಬ್ಬಿದೆ, ಪೊಲೀಸರೂ ಎಚ್ಚರಿಸಿದ್ದಾರೆ. ಒತ್ತಿ ಇನ್‌ಸ್ಟಾಲ್ ಮಾಡಿಕೊಂಡರೆ ಫೋನಿಗೆ ಕಳ್ಳ ಆ್ಯಪ್ ಸೇರಿಕೊಂಡು ಒಟಿಪಿ, ಬ್ಯಾಂಕಿನ ವಿವರ ಕದಿಯುತ್ತದೆ. ಹಾಗಾಗಿ ಪರಿಚಯವಿಲ್ಲದ ನಂಬರಿನಿಂದ ಪತ್ರಿಕೆ ಬಂದರೆ ಜನ ಹೆದರುತ್ತಾರೆ, ಹೆದರುವುದು ಸರಿಯೇ. ನಿಮ್ಮದನ್ನು ನಂಬುವಂತಿರಬೇಕಾದರೆ ಮೊದಲು ಹೆಸರು, ಗುರುತು ಇರುವ ಬರಹ ಹೋಗಲಿ, ಆಮೇಲೆ ಚಿತ್ರ ಅಥವಾ ಪಿಡಿಎಫ್. ಕಡತಕ್ಕೂ ‘ಸುಮಾ ರವಿ ಮದುವೆ ಮೇ 10’ ಎಂದು ಹೆಸರಿಡಿ. ಯಾರಾದರೂ ಇಂಥ ಮೋಸಕ್ಕೆ ಸಿಲುಕಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಲು ಹೇಳಿ.

14. ಮದುವೆಗೂ ಮನೆಗೂ ತಕ್ಕ ಮಾತು, ಕೊನೆಗೊಂದು ಉತ್ತರ

ಎಲ್ಲ ಮದುವೆಗೂ ಒಂದೇ ಅಚ್ಚು ಹೊಂದುವುದಿಲ್ಲ. 1966ರಲ್ಲಿ ಕುವೆಂಪು ಮಗ ತೇಜಸ್ವಿಯವರ ಮದುವೆಗೆ ಅನುಸರಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡುವವರು ‘ಶುಭ ಲಗ್ನದಲ್ಲಿ ಧಾರಾ ಮುಹೂರ್ತ’ ಎಂದು ಬರೆದರೆ ಮೆಸೇಜು ಒಂದು ದಾರಿ, ಮದುವೆ ಒಂದು ದಾರಿ. ‘ಮಂತ್ರಮಾಂಗಲ್ಯ ಪದ್ಧತಿಯಲ್ಲಿ ಮದುವೆಯಾಗುತ್ತಿದ್ದೇವೆ, 11 ಗಂಟೆಗೆ ಸರಿಯಾಗಿ’ ಎನ್ನಿ. ಬರುವವರಿಗೂ ಏನು ನಡೆಯುತ್ತದೆಂದು ಅಂದಾಜಿರುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸುವವರಿಗೆ 30 ದಿನಗಳ ನೋಟಿಸ್ ಅವಧಿ ಇರುತ್ತದೆ, ಅದು ಮುಗಿದು ದಿನ ಗಟ್ಟಿಯಾದ ಮೇಲೆಯೇ ಮೆಸೇಜು ಕಳಿಸಿ.

ಮನೆ ನೋಡಿಯೂ ಮಾತು ಬದಲಾಗಬೇಕು. ಗಂಡನನ್ನು ಕಳೆದುಕೊಂಡ ಚಿಕ್ಕಮ್ಮನಿಗೆ ‘ಶ್ರೀಮತಿ ಮತ್ತು ಶ್ರೀ’ ಎಂಬ ಅಚ್ಚು ಸಾಲು ಹೋಗಬಾರದು. ಅವರ ಹೆಸರನ್ನೇ ಬರೆದು, ‘ಮುಂದೆ ನಿಂತು ನಡೆಸಿಕೊಡಬೇಕು’ ಎಂದು ಸೇರಿಸಿ. ಇತ್ತೀಚೆಗೆ ಸಾವಾಗಿರುವ ಮನೆಗೆ ಮೆಸೇಜು ಕಳಿಸಬೇಡಿ. ಹೋಗಿ ಮಾತಾಡಿಸಿ ಬನ್ನಿ, ಕರೆಯ ಮಾತು ಅಲ್ಲೇ ಬರುತ್ತದೆ.

ಕಳಿಸುವ ಮುನ್ನ ಮದುವೆಯ ವಿಚಾರ ಏನೂ ಗೊತ್ತಿಲ್ಲದ ಒಬ್ಬರಿಗೆ ಮೆಸೇಜು ತೋರಿಸಿ ಒಂದೇ ಪ್ರಶ್ನೆ ಕೇಳಿ: ‘ಇದೊಂದನ್ನೇ ಇಟ್ಟುಕೊಂಡು ಹೊರಟರೆ ಸರಿಯಾದ ದಿನ, ಸರಿಯಾದ ಛತ್ರಕ್ಕೆ ಹೋಗ್ತೀರಾ?’ ಅವರು ತಡವರಿಸಿದ ಕಡೆ ತಿದ್ದಿ. ಕಳಿಸಿದ ಮೇಲೆ ತಪ್ಪು ಕಂಡರೆ ವಾಟ್ಸ್‌ಆ್ಯಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು. ಆ ಹೊತ್ತು ಮೀರಿದ್ದರೆ ಅಳಿಸಿ ಕುತೂಹಲ ಹುಟ್ಟಿಸಬೇಡಿ, ‘ಮುಹೂರ್ತ 10.40ಕ್ಕೆ, ಮೊದಲು 11.40 ಎಂದು ಬಿದ್ದಿತ್ತು’ ಎಂದು ನೇರವಾಗಿ ಇನ್ನೊಂದು ಸಾಲು ಹಾಕಿ. ಮದುವೆಗೆ ಎರಡು ದಿನ ಇರುವಾಗ ಛತ್ರದ ದಾರಿಯ ಜೊತೆ ಇನ್ನೊಮ್ಮೆ ನೆನಪಿಸಿ.

ಉತ್ತರ ಬಂದಾಗ ಬರೀ ಹೆಬ್ಬೆರಳು ತೋರಿಸಿ ಸುಮ್ಮನಾಗಬೇಡಿ. ಬರುತ್ತೇವೆ ಎಂದವರಿಗೆ ‘ಸಂತೋಷ, ಕಾಯ್ತಿರ್ತೀವಿ’ ಎನ್ನಿ. ಬರಲಾಗುವುದಿಲ್ಲ ಎಂದವರಿಗೆ ಅದಕ್ಕಿಂತ ಒಂದು ಸಾಲು ಹೆಚ್ಚು ಬರೆಯಿರಿ: ‘ಪರವಾಗಿಲ್ಲ ಅತ್ತೆ, ಮಾವನ ಆರೋಗ್ಯ ಮೊದಲು. ಮದುವೆ ಮುಗಿಸಿ ಮಕ್ಕಳಿಬ್ಬರನ್ನೂ ಕರ್ಕೊಂಡು ನಾವೇ ಬರ್ತೀವಿ.’ ಹಾಗೆಂದು ಬರೆದ ಮೇಲೆ ಹೋಗಿಯೂ ಬನ್ನಿ.